ಎಲ್ಲರಿಗೂ ಒಂದೇ ಅಳತೆಯ ರಿಫಾರ್ಮರ್ ಸಲ್ಲದು

ಮಾನ್ಯ ಸಂಪಾದಕರೇ,

ಪಿಲಾಟೀಸ್ ವ್ಯಾಯಾಮದ ಬಗ್ಗೆ ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಬಂದ ಲೇಖನವನ್ನು ಓದಿದೆ. ಬೆನ್ನುನೋವಿನವರಿಗೆ, ಹೆರಿಗೆಯಾದ ತಾಯಂದಿರಿಗೆ, ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರಿಗೆ ಅದರಿಂದ ಏನು ಉಪಯೋಗ ಎಂಬುದನ್ನು ಲೇಖಕರು ಚೆನ್ನಾಗಿ ವಿವರಿಸಿದ್ದಾರೆ. ಆದರೆ ಆ ವ್ಯಾಯಾಮಕ್ಕೆ ಬಳಸುವ ರಿಫಾರ್ಮರ್ ಎಂಬ ಯಂತ್ರವನ್ನು ಕುರಿತು ಬರೆದ ಭಾಗದಲ್ಲಿ ಒಂದು ಮುಖ್ಯವಾದ ಮಾತು ಬಿಟ್ಟುಹೋಗಿದೆ. ಆ ಯಂತ್ರವನ್ನು ಅದರ ಮೇಲೆ ಮಲಗುವವರ ಮೈ ಅಳತೆಗೆ ತಕ್ಕಂತೆ ಪ್ರತಿ ಸಲವೂ ಹೊಂದಿಸಿಕೊಳ್ಳಬೇಕು. ಬೆಂಗಳೂರಿನ ಬಡಾವಣೆಗಳಲ್ಲಿ ಒಂದರ ಹಿಂದೊಂದು ರಿಫಾರ್ಮರ್ ಸ್ಟುಡಿಯೊಗಳು ತೆರೆಯುತ್ತಿರುವ ಈ ಹೊತ್ತಿನಲ್ಲಿ ಈ ಮಾತನ್ನು ಯಾರಾದರೂ ಬಿಡಿಸಿ ಹೇಳಲೇಬೇಕು. ಆದ್ದರಿಂದ ಪತ್ರ ಸ್ವಲ್ಪ ಉದ್ದವಾದರೂ ಪ್ರಕಟಿಸಬೇಕೆಂದು ಕೋರುತ್ತೇನೆ.

ನಾನು ಶಿವಮೊಗ್ಗ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು. ನನ್ನ ಎತ್ತರ ನಾಲ್ಕು ಅಡಿ ಹತ್ತು ಇಂಚು, ಅಂದರೆ ಸುಮಾರು 147 ಸೆಂಟಿಮೀಟರ್. ಖೋ ಖೋ ಆಡುವ ಕಾಲದಲ್ಲಿ ಈ ಎತ್ತರವೇ ನನ್ನ ಬಲವಾಗಿತ್ತು. ಬಗ್ಗಿ ನುಸುಳಿ, ಕಂಬ ಹಿಡಿದು ತಿರುಗಿ ಓಡುವುದಕ್ಕೆ ಗಿಡ್ಡ ಮೈ ಬಹಳ ಅನುಕೂಲ. ವಯಸ್ಸಾದಂತೆ ಸೊಂಟ ಹಿಡಿದುಕೊಳ್ಳತೊಡಗಿತು, ಬಲ ಮೊಣಕಾಲು ಮೆಟ್ಟಿಲು ಇಳಿಯುವಾಗ ತಕರಾರು ಮಾಡತೊಡಗಿತು. ಮಗಳ ಮನೆಗೆಂದು ಬೆಂಗಳೂರಿಗೆ ಬಂದ ಮೇಲೆ ಫಿಸಿಯೊಥೆರಪಿಸ್ಟ್ ಒಬ್ಬರು ರಿಫಾರ್ಮರ್ ಮೇಲೆ ವ್ಯಾಯಾಮ ಮಾಡಲು ಸಲಹೆ ಕೊಟ್ಟರು. ಆ ಸಲಹೆಯಿಂದ ನನಗೆ ಒಳ್ಳೆಯದೇ ಆಗಿದೆ. ಯಂತ್ರದ ಮೇಲೆ ನನಗೆ ಯಾವ ಅಸಮಾಧಾನವೂ ಇಲ್ಲ. ಅದನ್ನು ಹೊಂದಿಸದೆ ಜನರನ್ನು ಅದರ ಮೇಲೆ ಮಲಗಿಸುವ ಅವಸರದ ಬಗ್ಗೆ ಮಾತ್ರ ನನ್ನ ಆಕ್ಷೇಪ.

ರಿಫಾರ್ಮರ್ ನೋಡದವರಿಗಾಗಿ ಎರಡು ಮಾತು. ಏಳೆಂಟು ಅಡಿ ಉದ್ದದ, ಮಂಚದಂಥ ಚೌಕಟ್ಟು. ಅದರ ಎರಡು ಬದಿಯ ಹಳಿಗಳ ಮೇಲೆ ಗಾಲಿಗಳಿರುವ ಮೆತ್ತನೆಯ ಹಲಗೆಯೊಂದು ಹಿಂದೆ ಮುಂದೆ ಜಾರುತ್ತದೆ. ಅದಕ್ಕೆ ಕ್ಯಾರೇಜ್ ಎನ್ನುತ್ತಾರೆ. ಕಾಲಿನ ಕಡೆ ಒದೆಯಲು ಅಡ್ಡಪಟ್ಟಿ, ಅದು ಫುಟ್‌ಬಾರ್. ಕ್ಯಾರೇಜನ್ನು ಕಾಲಿನ ತುದಿಗೆ ಎಳೆದು ಹಿಡಿಯಲು ಕೆಳಗಡೆ ನಾಲ್ಕೋ ಐದೋ ಸ್ಪ್ರಿಂಗ್‌ಗಳಿರುತ್ತವೆ. ತಲೆಯ ಕಡೆಯ ರಾಟೆಗಳಿಂದ ಎರಡು ಹಗ್ಗಗಳು ಬಂದು ಕೈಗೋ ಕಾಲಿಗೋ ಸಿಕ್ಕಿಸುವ ಪಟ್ಟಿಗಳಲ್ಲಿ ಮುಗಿಯುತ್ತವೆ. ಹೆಗಲು ಆನಿಸಲು ಎರಡು ಮೆತ್ತನೆಯ ದಿಮ್ಮಿಗಳಿರುತ್ತವೆ, ತಲೆಗೆ ಏರಿಸಿ ಇಳಿಸುವ ದಿಂಬಿರುತ್ತದೆ. ಅಂಗಾತ ಮಲಗಿ, ಹೆಗಲನ್ನು ದಿಮ್ಮಿಗೆ ಆನಿಸಿ, ಪಾದವನ್ನು ಫುಟ್‌ಬಾರ್ ಮೇಲಿಟ್ಟು ಒದ್ದರೆ ಹಲಗೆ ನಮ್ಮನ್ನು ಹೊತ್ತುಕೊಂಡು ಹಿಂದೆ ಸರಿಯುತ್ತದೆ. ನಿಧಾನವಾಗಿ ಮೊಣಕಾಲು ಮಡಿಸುತ್ತಾ ವಾಪಸ್ಸು ಬರಬೇಕು. ಮೊದಲ ದಿನದ ಪಾಠವೇ ಇದು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಹೆಗಲು ದಿಮ್ಮಿಗೆ ತಾಗಿ ನಿಂತುಬಿಟ್ಟಿರುತ್ತದೆ, ಪಾದ ಫುಟ್‌ಬಾರ್ ಮೇಲೆ ನಿಂತಿರುತ್ತದೆ. ಇವೆರಡರ ನಡುವೆ ಸೊಂಟವೂ ಮೊಣಕಾಲೂ ಎಷ್ಟು ಮಡಿಸಿಕೊಳ್ಳಬೇಕು ಎಂಬುದನ್ನು ಯಂತ್ರ ನಿರ್ಧರಿಸುತ್ತದೆ, ಮಲಗಿದವರಲ್ಲ. ಕ್ಯಾರೇಜ್ ನಿಲ್ಲುವ ಜಾಗ ಫುಟ್‌ಬಾರ್‌ನಿಂದ ಎಷ್ಟು ದೂರ ಇದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಆ ದೂರವನ್ನು ಬದಲಿಸಲು ಒಳ್ಳೆಯ ಯಂತ್ರಗಳಲ್ಲಿ ವ್ಯವಸ್ಥೆ ಇದೆ. ಕೆಲವು ಮಾದರಿಗಳಲ್ಲಿ ಕ್ಯಾರೇಜನ್ನು ತಡೆದು ನಿಲ್ಲಿಸುವ, ಹಳಿಯ ಮೇಲಿನ ಸ್ಟಾಪರ್ ಅನ್ನು ಕಿತ್ತು ಬೇರೆ ತೂತಿಗೆ ಹಾಕುತ್ತಾರೆ. ಕೆಲವದರಲ್ಲಿ ಗೇರ್ ಬಾರ್ ಎಂಬ ಕಂಬಿಯನ್ನು ಒಂದು ಕಚ್ಚಿನಿಂದ ಎತ್ತಿ ಇನ್ನೊಂದು ಕಚ್ಚಿಗೆ ಇಳಿಸುತ್ತಾರೆ. ಇನ್ನು ಕೆಲವದರಲ್ಲಿ ಫುಟ್‌ಬಾರ್ ತಾನೇ ಹಳಿಯುದ್ದಕ್ಕೂ ಮುಂದೆ ಹಿಂದೆ ಸರಿಯುತ್ತದೆ. ಹೇಗೇ ಮಾಡಿದರೂ ಅರ್ಧ ನಿಮಿಷದ ಕೆಲಸ.

ಆ ಅರ್ಧ ನಿಮಿಷವನ್ನು ನಾನು ಮೊದಲು ಸೇರಿದ ಸ್ಟುಡಿಯೊದಲ್ಲಿ ಯಾರೂ ಕೊಡಲಿಲ್ಲ. ಅದರ ಹೆಸರು ಬೇಡ, ಅಂಥವು ಹಲವಿವೆ. ಸಾಲಾಗಿ ಯಂತ್ರಗಳು, ಗಂಟೆಗೊಂದು ಬ್ಯಾಚು, ಒಬ್ಬರು ಇಳಿಯುವಷ್ಟರಲ್ಲಿ ಇನ್ನೊಬ್ಬರು ಹತ್ತಬೇಕು. ನನ್ನ ಪಾಲಿಗೆ ಬಂದ ಯಂತ್ರದ ಸ್ಟಾಪರ್ ದೂರದ ತೂತಿನಲ್ಲಿತ್ತು. ಮಲಗಿ ಹೆಗಲನ್ನು ದಿಮ್ಮಿಗೆ ತಾಗಿಸಿದರೆ ಹಿಮ್ಮಡಿ ಫುಟ್‌ಬಾರ್‌ಗೆ ಸರಿಯಾಗಿ ಕೂರುತ್ತಿರಲಿಲ್ಲ, ಬೆರಳ ತುದಿಯಷ್ಟೇ ಎಟುಕುತ್ತಿತ್ತು. ತರಬೇತಿ ಕೊಡುತ್ತಿದ್ದ ಹುಡುಗಿ ಅತ್ತಲಿಂದಲೇ, "ಮೇಡಂ, ಸ್ವಲ್ಪ ಕೆಳಗೆ ಜಾರಿಕೊಳ್ಳಿ" ಎಂದಳು. ಜಾರಿಕೊಂಡರೆ ಪಾದ ಕೂರುತ್ತದೆ ನಿಜ, ಆದರೆ ಹೆಗಲಿಗೂ ದಿಮ್ಮಿಗೂ ನಡುವೆ ನಾಲ್ಕು ಬೆರಳಿನ ಸಂದು ಉಳಿಯುತ್ತದೆ. ಒದ್ದಾಗ ಮೊದಲು ಮೈ ಜಾರುತ್ತದೆ, ಹೆಗಲು ದಿಮ್ಮಿಗೆ ಧಡ್ಡೆಂದು ಬಡಿಯುತ್ತದೆ, ಆಮೇಲೆ ಹಲಗೆ ಜಾರುತ್ತದೆ. ಆ ಬಡಿತ ಕುತ್ತಿಗೆಯ ಬುಡಕ್ಕೆ ಹೋಗುತ್ತದೆ. ಜೊತೆಗೆ ಕಾಲು ಆರಂಭದಲ್ಲೇ ಹೆಚ್ಚೂ ಕಡಿಮೆ ನೆಟ್ಟಗಿರುವುದರಿಂದ ಒದೆಯಲು ಉಳಿಯುವುದು ಕೆಲವೇ ಇಂಚು. ತೊಡೆಯ ಸ್ನಾಯು ಪೂರ್ತಿ ಮಡಿದು ಪೂರ್ತಿ ಚಾಚಿದರೆ ತಾನೇ ಅದಕ್ಕೆ ಕೆಲಸ? ಗಿಡ್ಡವರಿಗೆ ದುಡ್ಡು ಪೂರ್ತಿ, ವ್ಯಾಯಾಮ ಅರ್ಧ.

ಅದೇ ಬ್ಯಾಚಿನಲ್ಲಿ ಎತ್ತರದ ಯುವಕನೊಬ್ಬ ಬರುತ್ತಿದ್ದ. ಆರಡಿಗೂ ಮೇಲಿದ್ದಾನು. ಅವನ ಯಂತ್ರದ ಸ್ಟಾಪರ್ ಹತ್ತಿರದ ತೂತಿನಲ್ಲಿತ್ತು. ಅವನು ಮಲಗಿ ಪಾದ ಇಟ್ಟ ಕೂಡಲೇ ಮೊಣಕಾಲುಗಳು ಎದೆಯ ಕಡೆಗೆ ನುಗ್ಗುತ್ತಿದ್ದವು, ಬಾಲಮೂಳೆ ಹಲಗೆಯಿಂದ ಮೇಲೇಳುತ್ತಿತ್ತು. ಸೊಂಟದ ಕೆಳಭಾಗ ಗುಂಡಗೆ ಬಾಗಿದ ಸ್ಥಿತಿಯಲ್ಲೇ ಮೂರು ನಾಲ್ಕು ಸ್ಪ್ರಿಂಗ್‌ಗಳ ಎಳೆತಕ್ಕೆ ವಿರುದ್ಧವಾಗಿ ಒದೆಯಬೇಕು. ಅವನು ಬಂದಿದ್ದೇ ಸೊಂಟನೋವಿಗೆ! ನನಗಂತೂ ನೋಡಿಕೊಂಡು ಸುಮ್ಮನಿರಲು ಆಗಲಿಲ್ಲ. ತರಗತಿ ಮುಗಿದ ಮೇಲೆ ಅವನ ಯಂತ್ರದ ಸ್ಟಾಪರ್ ತೋರಿಸಿ ಆ ಹುಡುಗಿಯನ್ನು ಕೇಳಿದೆ. ತನಗೆ ಕಲಿಸಿದವರು ಸ್ಪ್ರಿಂಗ್‌ಗಳ ಬಿಗಿ ತಿಳಿಸುವ ಬಣ್ಣ ಮತ್ತು ವ್ಯಾಯಾಮಗಳ ಕ್ರಮವನ್ನು ಹೇಳಿಕೊಟ್ಟಿದ್ದಾರೆ, ಇದನ್ನು ಮುಟ್ಟಬೇಡ ಎಂದು ಸ್ಟುಡಿಯೊದಲ್ಲಿ ಹೇಳಿದ್ದಾರೆ ಎಂದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿನ ಮಗು, ಬೆಳಿಗ್ಗೆ ಆರರಿಂದ ನಿಂತೇ ಇರುತ್ತಾಳೆ.

ಸರಿಯಾದ ಸ್ಥಾನವನ್ನು ಪರೀಕ್ಷಿಸುವುದು ಕಷ್ಟವೇನಲ್ಲ. ನಾನು ಈಗ ಹೋಗುತ್ತಿರುವ ಕಡೆ ನಮ್ಮ ತರಬೇತುದಾರರು ಮಾಡುವುದನ್ನು ಹಾಗೆಯೇ ಹೇಳುತ್ತೇನೆ. ಮೊದಲು ಮಲಗಿಸುತ್ತಾರೆ. ಹೆಗಲು ದಿಮ್ಮಿಗೆ ಹಿತವಾಗಿ ತಾಗಬೇಕು, ಒತ್ತಬಾರದು. ಹಿಮ್ಮಡಿಯನ್ನು ಫುಟ್‌ಬಾರ್ ಮೇಲಿಡಿಸುತ್ತಾರೆ. ಆಮೇಲೆ ತಾವು ಪಕ್ಕದಲ್ಲಿ ಮಂಡಿಯೂರಿ ಕೂತು, ಹಲಗೆಯ ಮಟ್ಟಕ್ಕೆ ಕಣ್ಣು ತಂದು ನೋಡುತ್ತಾರೆ. ತೊಡೆ ಮತ್ತು ಹೊಟ್ಟೆಯ ನಡುವಿನ ಕೋನ ಲಂಬಕೋನಕ್ಕಿಂತ ಕಿರಿದಾಗಬಾರದು. ಬಾಲಮೂಳೆ ಹಲಗೆಯ ಮೇಲೆ ಭಾರವಾಗಿ ಕೂತಿರಬೇಕು. ಸೊಂಟದ ಕೆಳಗೆ ಅಂಗೈ ತೂರಿಸಿದರೆ ಅದರ ಸಹಜ ಬಾಗು ಹಾಗೆಯೇ ಉಳಿದಿದೆ ಎಂದು ತಿಳಿಯಬೇಕು, ಚಪ್ಪಟೆಯಾಗಿ ಒತ್ತಿಕೊಂಡಿರಬಾರದು. ಇಷ್ಟಾದರೆ ಸರಿ. ಇಲ್ಲದಿದ್ದರೆ ಇಳಿಸಿ, ಒಂದು ತೂತು ಈಚೆಗೋ ಆಚೆಗೋ ಹಾಕಿ, ಮತ್ತೆ ಮಲಗಿಸುತ್ತಾರೆ. ನನಗೆ ಹತ್ತಿರದ ತೂತು ಸರಿಹೋಯಿತು. ಆ ದಿನ ಹಿಮ್ಮಡಿಯಿಂದ ಒದ್ದಾಗ ತೊಡೆಯ ಹಿಂಭಾಗದ ಸ್ನಾಯು ಬುಡದಿಂದಲೇ ಕೆಲಸ ಮಾಡುವುದು ಗೊತ್ತಾಯಿತು. ಕುತ್ತಿಗೆಯ ಮೇಲೆ ಏನೂ ಬೀಳಲಿಲ್ಲ.

ಎತ್ತರ ಒಂದನ್ನೇ ಕೇಳಿ ಹೊಂದಿಸಿದರೂ ಸಾಲದು ಎಂಬುದನ್ನು ಇಲ್ಲಿ ಸೇರಿಸಬೇಕು. ಶಾಲೆಯಲ್ಲಿ ಮಕ್ಕಳನ್ನು ಎತ್ತರದ ಪ್ರಕಾರ ಸಾಲು ನಿಲ್ಲಿಸಿ ನಿಲ್ಲಿಸಿ ನನ್ನ ಕಣ್ಣು ಪಳಗಿದೆ. ಭುಜಕ್ಕೆ ಭುಜ ಸಮವಾಗಿ ನಿಂತ ಇಬ್ಬರು ಹುಡುಗಿಯರು ನೆಲದ ಮೇಲೆ ಕೂತ ಕೂಡಲೇ ಒಬ್ಬಳ ತಲೆ ಇನ್ನೊಬ್ಬಳ ಕಿವಿಯ ಮಟ್ಟಕ್ಕೆ ಇಳಿದುಬಿಡುತ್ತದೆ. ಒಬ್ಬಳಿಗೆ ಕಾಲು ಉದ್ದ, ಇನ್ನೊಬ್ಬಳಿಗೆ ಮುಂಡ ಉದ್ದ. ರಿಫಾರ್ಮರ್‌ಗೆ ಬೇಕಾದದ್ದು ತಲೆಯಿಂದ ಕಾಲಿನವರೆಗಿನ ಲೆಕ್ಕವಲ್ಲ, ಹೆಗಲಿನಿಂದ ಹಿಮ್ಮಡಿಯವರೆಗಿನ ಲೆಕ್ಕ. ಅದರಲ್ಲೂ ತೊಡೆ ಎಷ್ಟು, ಮೊಣಕಾಲ ಕೆಳಗೆ ಎಷ್ಟು ಎಂಬುದು ಬೇರೆ ಬೇರೆ. ನನ್ನ ನಾದಿನಿ ನನ್ನಷ್ಟೇ ಎತ್ತರ. ಅವಳಿಗೂ ನನಗೂ ಸ್ಟಾಪರ್ ಒಂದೇ ತೂತಿನಲ್ಲಿ ಸರಿಬರುವುದಿಲ್ಲ. ಸೊಂಟದ ಕೀಲು ಬಿಗಿಯಾಗಿರುವವರಿಗೆ, ಮೊಣಕಾಲು ಹೆಚ್ಚು ಮಡಿಸಬಾರದೆಂದು ವೈದ್ಯರು ಹೇಳಿರುವವರಿಗೆ ಎತ್ತರ ಕಡಿಮೆಯಿದ್ದರೂ ಒಂದು ಕಚ್ಚು ದೂರ ಇಡಬೇಕಾಗುತ್ತದೆ. ಆದ್ದರಿಂದ ಐದಡಿಯೊಳಗಿನವರಿಗೆ ಇದು, ಐದೂವರೆಗೆ ಇದು ಎಂದು ಗೋಡೆಗೆ ಪಟ್ಟಿ ಅಂಟಿಸಿದರೆ ಅದು ಆರಂಭಕ್ಕೆ ಸಾಕು. ಮಲಗಿಸಿ ನೋಡುವುದು ತಪ್ಪುವುದಿಲ್ಲ.

ಇನ್ನು ಸ್ಪ್ರಿಂಗ್‌ಗಳ ವಿಷಯ. ಇದು ಸುರಕ್ಷತೆಗೂ ಸೇರಿದ್ದು. ಕ್ಯಾರೇಜ್ ನಿಲ್ಲುವ ಜಾಗವನ್ನು ದೂರ ಮಾಡಿ, ಸ್ಪ್ರಿಂಗ್ ಕೊಕ್ಕೆಗಳು ಕೂರುವ ಕಂಬಿಯನ್ನು ಮಾತ್ರ ಹಳೆಯ ಜಾಗದಲ್ಲೇ ಬಿಟ್ಟರೆ ಸ್ಪ್ರಿಂಗ್‌ಗಳು ಆರಂಭದಲ್ಲೇ ಹಿಗ್ಗಿ ನಿಂತಿರುತ್ತವೆ. ಎರಡು ಸ್ಪ್ರಿಂಗ್ ಹಾಕಿದ್ದೇನೆ ಎಂದುಕೊಂಡವರಿಗೆ ಅದಕ್ಕಿಂತ ಹೆಚ್ಚಿನ ಭಾರ ಬೀಳುತ್ತದೆ. ಇದಕ್ಕೆ ವಿರುದ್ಧವಾಗಿ, ಗಿಡ್ಡವರಿಗೆಂದು ಸ್ಟಾಪರ್ ಹತ್ತಿರ ತಂದು ಕಂಬಿಯನ್ನು ದೂರದಲ್ಲೇ ಬಿಟ್ಟರೆ ಸ್ಪ್ರಿಂಗ್ ಜೋತುಬೀಳುತ್ತದೆ, ಕೊಕ್ಕೆ ಕಳಚಿಕೊಳ್ಳುವ ಸಂಭವವಿದೆ. ಗೇರ್ ಬಾರ್ ಇರುವ ಯಂತ್ರಗಳಲ್ಲಿ ಎರಡೂ ಒಟ್ಟಿಗೆ ಸರಿಯುವುದರಿಂದ ಈ ತೊಂದರೆ ಕಡಿಮೆ. ಸ್ಟಾಪರ್ ಬೇರೆ, ಕಂಬಿ ಬೇರೆ ಇರುವ ಯಂತ್ರಗಳಲ್ಲಿ ಎರಡನ್ನೂ ನೋಡಿಯೇ ಜನರನ್ನು ಹತ್ತಿಸಬೇಕು. ಎರಡು ಹಳಿಗಳ ಸ್ಟಾಪರ್‌ಗಳೂ ಒಂದೇ ಅಂಕೆಯಲ್ಲಿವೆಯೇ ಎಂದೂ ನೋಡಬೇಕು. ಮಲಗಿದವರನ್ನು ಹಾಗೆಯೇ ಬಿಟ್ಟು ಇವನ್ನೆಲ್ಲ ಬದಲಿಸುವುದು ಖಂಡಿತ ಕೂಡದು. ಇಳಿಸಿ, ಹೊಂದಿಸಿ, ಕೈಯಿಂದ ಒಮ್ಮೆ ಎಳೆದು ನೋಡಿ, ಆಮೇಲೆ ಹತ್ತಿಸಬೇಕು. ಸ್ಪ್ರಿಂಗ್‌ಗಳನ್ನು ಸುಮಾರು ಎರಡು ವರ್ಷಕ್ಕೊಮ್ಮೆ ಬದಲಿಸಬೇಕೆಂದು ಹೆಸರಾಂತ ತಯಾರಕರೇ ಹೇಳುತ್ತಾರೆ. ಅದನ್ನು ಪಾಲಿಸುತ್ತೀರಾ ಎಂದು ಕೇಳುವುದು ಹಣ ಕೊಡುವವರ ಹಕ್ಕು.

ಹಗ್ಗದ ಉದ್ದವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂಗಾತ ಮಲಗಿ, ಪಟ್ಟಿಗಳನ್ನು ಹಿಡಿದು ಎರಡೂ ಕೈಗಳನ್ನು ಸೂರಿನ ಕಡೆಗೆ ನೆಟ್ಟಗೆ ಎತ್ತಿದಾಗ ಹಗ್ಗ ಸಡಿಲವಾಗಿ ಜೋಲಬಾರದು, ಹಲಗೆಯನ್ನು ಎಳೆಯಲೂಬಾರದು, ಬಿಗಿಯಾಗಿ ಸುಮ್ಮನೆ ನಿಂತಿರಬೇಕು. ನನ್ನ ತೋಳು ಗಿಡ್ಡ. ಹಿಂದಿನವರು ಬಿಟ್ಟುಹೋದ ಉದ್ದದಲ್ಲೇ ಹಿಡಿದರೆ ಹಗ್ಗ ಜೋಲುತ್ತದೆ. ಕೈ ಕೆಳಗೆ ತರುವಾಗ ಅರ್ಧ ದಾರಿ ಏನೂ ಭಾರವಿಲ್ಲ, ಆಮೇಲೆ ಒಮ್ಮೆಲೇ ಜಗ್ಗುತ್ತದೆ. ಭುಜದ ಕೀಲಿಗೆ ಆ ಜಗ್ಗು ಒಳ್ಳೆಯದಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ. ಎತ್ತರದವರಿಗೆಂದು ಕ್ಯಾರೇಜನ್ನು ದೂರ ಸರಿಸಿದಾಗ ಅದು ತಲೆಯ ಕಡೆಯ ರಾಟೆಗೆ ಹತ್ತಿರವಾಗುತ್ತದೆ. ಹಾಗಾಗಿ ಅವರ ತೋಳು ಉದ್ದವಿದ್ದರೂ ಹಗ್ಗ ಸಡಿಲವಾಗಬಹುದು. ಕ್ಯಾರೇಜಿನ ಜಾಗ ಬದಲಾದಾಗಲೆಲ್ಲ ಹಗ್ಗವನ್ನೂ ಮತ್ತೆ ನೋಡಲೇಬೇಕು. ಎಡ ಬಲ ಸಮ ಇರಬೇಕೆಂದು ಬೇರೆ ಹೇಳಬೇಕಾಗಿಲ್ಲ. ಎರಡೂ ಪಟ್ಟಿಗಳನ್ನು ಜೋಡಿಸಿ ಹಿಡಿದರೆ ಹೆಚ್ಚು ಕಡಿಮೆ ತಕ್ಷಣ ಕಾಣುತ್ತದೆ.

ಹೆಗಲ ದಿಮ್ಮಿಗಳ ಅಗಲವನ್ನೂ ಹಲವು ಯಂತ್ರಗಳಲ್ಲಿ ಬದಲಿಸಬಹುದು. ಅಗಲ ಹೆಗಲಿನ ಗಂಡಸರಿಗೆ ದಿಮ್ಮಿಗಳು ಹತ್ತಿರವಿದ್ದರೆ ಕುತ್ತಿಗೆಯ ಪಕ್ಕದ ಸ್ನಾಯುವನ್ನು ಒತ್ತುತ್ತವೆ. ತಲೆದಿಂಬಿನ ವಿಷಯದಲ್ಲಿ ಒಂದು ಎಚ್ಚರಿಕೆ ಮಾತ್ರ ಹೇಳಿ ಮುಂದೆ ಹೋಗುತ್ತೇನೆ. ಬೆನ್ನು ಮೇಲ್ಭಾಗದಲ್ಲಿ ಬಾಗಿರುವ ಹಿರಿಯರಿಗೆ ದಿಂಬು ಏರಿಸಿದರೆ ಹಿತ. ಆದರೆ ಸೊಂಟ ಎತ್ತುವ, ಕಾಲನ್ನು ತಲೆಯ ಮೇಲಕ್ಕೆ ಒಯ್ಯುವ ವ್ಯಾಯಾಮಗಳಿಗೆ ಮೊದಲು ಅದನ್ನು ಚಪ್ಪಟೆಯಾಗಿ ಇಳಿಸಲೇಬೇಕು, ಇಲ್ಲದಿದ್ದರೆ ಮೈಯ ಭಾರ ಬಾಗಿದ ಕುತ್ತಿಗೆಯ ಮೇಲೆ ಬೀಳುತ್ತದೆ.

ಫುಟ್‌ಬಾರ್‌ನ ಎತ್ತರವೂ ಹಾಗೆಯೇ. ಅದನ್ನು ಮೇಲಿನ ಹಂತದಲ್ಲಿಟ್ಟರೆ ಕಾಲು ಚಿಕ್ಕದಾದವರ ತೊಡೆ ಕಡಿದಾಗಿ ಮೇಲೇಳುತ್ತದೆ, ಜೊತೆಗೆ ಸೊಂಟವೂ ಏಳುತ್ತದೆ. ಒಂದು ಹಂತ ಇಳಿಸಿದರೆ ಮೈ ನೆಮ್ಮದಿಯಾಗಿ ಕೂರುತ್ತದೆ. ಕ್ಯಾರೇಜಿನ ಮೇಲೆ ಪೆಟ್ಟಿಗೆ ಇಟ್ಟು, ಅದರ ಮೇಲೆ ಕೂತು, ಪಾದವನ್ನು ಚೌಕಟ್ಟಿನ ತುದಿಗೆ ಕಟ್ಟಿದ ಪಟ್ಟಿಯ ಕೆಳಗೆ ಸಿಕ್ಕಿಸಿ ಹಿಂದಕ್ಕೆ ಬಾಗುವ ವ್ಯಾಯಾಮವೊಂದಿದೆ. ಅಲ್ಲಿ ಗಿಡ್ಡವರ ಪಾಡು ಹೇಳತೀರದು. ಪಟ್ಟಿ ಉದ್ದವಿದ್ದರೆ ಪಾದಕ್ಕೆ ಹಿಡಿತ ಸಿಗುವುದಿಲ್ಲ, ಹಿಂದಕ್ಕೆ ಬಾಗುವಾಗ ಬೀಳುವ ಭಯದಿಂದಲೇ ಹೊಟ್ಟೆಯ ಬದಲು ಕುತ್ತಿಗೆ, ದವಡೆ ಬಿಗಿಯುತ್ತವೆ. ಪಟ್ಟಿಯನ್ನು ಎರಡು ಕೊಂಡಿ ಗಿಡ್ಡ ಮಾಡಿದರೆ ಮುಗಿಯಿತು. ಎತ್ತರದವರಿಗೆ ಬೇರೆ ತೊಂದರೆ ಇದೆ. ಕ್ಯಾರೇಜನ್ನು ಮೊದಲೇ ದೂರ ಇಟ್ಟಿರುವುದರಿಂದ ಹಿಂದೆ ಉಳಿಯುವ ಹಳಿ ಕಡಿಮೆ. ಕಾಲನ್ನು ಪೂರ್ತಿ ಚಾಚುವಷ್ಟರಲ್ಲಿ ಹಲಗೆ ಹೋಗಿ ಚೌಕಟ್ಟಿಗೆ ಬಡಿಯಬಹುದು. ಗಿಡ್ಡ ಚೌಕಟ್ಟಿನ ಅಗ್ಗದ ಯಂತ್ರಗಳಲ್ಲಿ ಇದು ಹೆಚ್ಚು. ಹಳೆಯ ಪದ್ಧತಿಯ ಯಂತ್ರ ಮಾಡುವ ಅಮೆರಿಕದ ತಯಾರಕರು ಚೌಕಟ್ಟನ್ನೇ 80 ಇಂಚು, 86 ಇಂಚು ಹೀಗೆ ಬೇರೆ ಬೇರೆ ಉದ್ದಗಳಲ್ಲಿ ಮಾಡಿಕೊಡುವುದು ಈ ಕಾರಣಕ್ಕೇ.

ಈ ವ್ಯಾಯಾಮವನ್ನು ರೂಪಿಸಿದ ಜೋಸೆಫ್ ಪಿಲಾಟೀಸ್ ಜರ್ಮನಿಯ ಮೊನ್ಶನ್‌ಗ್ಲಾಡ್‌ಬಾಖ್‌ನಲ್ಲಿ 1883ರಲ್ಲಿ ಹುಟ್ಟಿದವರು. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿದ್ದ ಅವರನ್ನು ಶತ್ರುದೇಶದವರೆಂದು ಶಿಬಿರದಲ್ಲಿ ಕೂಡಿಹಾಕಿದ್ದರು. 1926ರಲ್ಲಿ ನ್ಯೂಯಾರ್ಕ್ ಸೇರಿ, ಎಂಟನೇ ಅವೆನ್ಯೂದಲ್ಲಿ ಬಾಳಸಂಗಾತಿ ಕ್ಲಾರಾ ಅವರೊಂದಿಗೆ ವ್ಯಾಯಾಮಶಾಲೆ ನಡೆಸಿದರು. ಬ್ಯಾಲೆ ನರ್ತಕರು, ಗಾಯಗೊಂಡವರು, ಸಾಮಾನ್ಯ ಜನ ಎಲ್ಲರೂ ಅಲ್ಲಿಗೆ ಬರುತ್ತಿದ್ದರು. ಒಬ್ಬೊಬ್ಬರೂ ತಮ್ಮ ತಮ್ಮ ಪಾಠವನ್ನು ಆ ಇಬ್ಬರ ಕಣ್ಣಳತೆಯಲ್ಲಿ ಮಾಡುತ್ತಿದ್ದರು. ಈಗಿನಂತೆ ಹತ್ತು ಹದಿನೈದು ಜನ ಒಟ್ಟಿಗೆ ಸಂಗೀತದ ತಾಳಕ್ಕೆ ಒದೆಯುವ ಪದ್ಧತಿ ಆಮೇಲೆ ಬಂದದ್ದು. ಗುಂಪು ತರಗತಿಯನ್ನು ನಾನು ವಿರೋಧಿಸುವುದಿಲ್ಲ, ಜೀವಮಾನವೆಲ್ಲ ಗುಂಪಿಗೇ ಕಲಿಸಿದವಳು ನಾನು. ಆದರೆ ಒಬ್ಬೊಬ್ಬರನ್ನೇ ನೋಡಿ ಕಲಿಸುವುದಕ್ಕೆ ಹುಟ್ಟಿದ ಯಂತ್ರವನ್ನು ಗುಂಪಿಗೆ ತರುವಾಗ ಆ ನೋಡುವ ಕೆಲಸವನ್ನು ಕೈಬಿಡಬಾರದು. 2000ದಲ್ಲಿ ಅಮೆರಿಕದ ನ್ಯಾಯಾಲಯವೊಂದು ಪಿಲಾಟೀಸ್ ಎಂಬ ಹೆಸರು ಯಾರೊಬ್ಬರ ಸ್ವತ್ತೂ ಅಲ್ಲ ಎಂದು ತೀರ್ಪು ಕೊಟ್ಟಿತು. ಒಳ್ಳೆಯದೇ ಆಯಿತು, ವಿದ್ಯೆ ಎಲ್ಲರಿಗೂ ಸಿಕ್ಕಿತು. ಅದರ ಜೊತೆಗೆ, ಯಾರು ಬೇಕಾದರೂ ಬೋರ್ಡು ಹಾಕಬಹುದು ಎಂದಮೇಲೆ ಗುಣಮಟ್ಟವನ್ನು ಕೇಳಿ ತಿಳಿಯುವ ಹೊಣೆ ನಮ್ಮ ಮೇಲೂ ಬಿತ್ತು.

ನಮ್ಮ ದೇಶದವರಿಗೆ ಇದು ಇನ್ನೂ ಮುಖ್ಯ. ಭಾರತದ ಹೆಂಗಸರ ಸರಾಸರಿ ಎತ್ತರ ಸುಮಾರು 152 ಸೆಂಟಿಮೀಟರ್, ಅಂದರೆ ಐದಡಿಯ ಆಸುಪಾಸು. ಗಂಡಸರದು 165ರ ಆಸುಪಾಸು. ನೆದರ್ಲೆಂಡ್ಸ್‌ನಂಥ ದೇಶದಲ್ಲಿ ಹೆಂಗಸರ ಸರಾಸರಿಯೇ ನಮ್ಮ ಗಂಡಸರ ಸರಾಸರಿಯನ್ನು ದಾಟುತ್ತದೆ. ಹೊರದೇಶದ ವಿನ್ಯಾಸದ ಯಂತ್ರ ತರಿಸಿ, ಪೆಟ್ಟಿಗೆ ಬಿಚ್ಚಿ ನಡುವಿನ ಅಂಕೆಯಲ್ಲಿಟ್ಟು ಬಿಟ್ಟರೆ, ಆ ನಡು ಯಾರ ನಡು ಎಂದು ಯೋಚಿಸಬೇಡವೇ? ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಭಾರತೀಯರ ದೇಹದ ಅಳತೆಗಳನ್ನು ಸಂಗ್ರಹಿಸಿ 1997ರಲ್ಲೇ ಪ್ರಕಟಿಸಿದೆ. ನಮ್ಮಲ್ಲಿ ರಿಫಾರ್ಮರ್ ತಯಾರಿಸಿ ಮಾರುವವರು ಅಂಥ ಅಳತೆಗಳನ್ನು ಮುಂದಿಟ್ಟುಕೊಂಡು, ಹತ್ತಿರದ ಕಡೆಗೆ ಒಂದೆರಡು ತೂತು ಹೆಚ್ಚು ಕೊರೆದರೆ ನನ್ನಂಥ ಲಕ್ಷಾಂತರ ಜನರಿಗೆ ಉಪಕಾರವಾಗುತ್ತದೆ.

ಆಟದ ಮೈದಾನದಲ್ಲಿ ಇದು ಹೊಸ ಮಾತೇನಲ್ಲ. ವಾಲಿಬಾಲ್ ನೆಟ್ ಗಂಡಸರಿಗೆ 2.43 ಮೀಟರ್, ಹೆಂಗಸರಿಗೆ 2.24 ಮೀಟರ್, ಶಾಲಾ ಮಕ್ಕಳಿಗೆ ಅದಕ್ಕೂ ಕೆಳಗೆ. ನೆಟ್ ಕಟ್ಟುವಾಗ ಅಳತೆ ಕೋಲು ಹಿಡಿದು ನೋಡದ ದೈಹಿಕ ಶಿಕ್ಷಕರು ಇಲ್ಲ. ಹಳ್ಳಿಯ ಶಾಲೆಯಲ್ಲಿ ಖರ್ಚಿಲ್ಲದೆ ನಾವು ಪಾಲಿಸಿದ ಶಿಸ್ತನ್ನು, ಒಂದು ತರಗತಿಗೆ ಸಾವಿರ ರೂಪಾಯಿಗೂ ಮೇಲೆ ತೆಗೆದುಕೊಳ್ಳುವ ಹವಾನಿಯಂತ್ರಿತ ಕೋಣೆಯಲ್ಲಿ ಕೇಳುವುದು ಅತಿಯಾಸೆಯಲ್ಲ.

ಮನೆಯಲ್ಲೇ ಇಟ್ಟುಕೊಳ್ಳುವ ಮಡಿಸುವ ರಿಫಾರ್ಮರ್‌ಗಳು ಈಗ ಆನ್‌ಲೈನ್‌ನಲ್ಲಿ ಸಿಗುತ್ತವೆ. ಮಗಳ ಗೆಳತಿಯರಲ್ಲಿ ಕೆಲವರು ತರಿಸಿಕೊಂಡಿದ್ದಾರೆ. ಕೊಳ್ಳುವ ಮುನ್ನ ಬಣ್ಣ, ಬೆಲೆ ನೋಡುವ ಹಾಗೆ ಎರಡು ವಿಷಯ ನೋಡಿ ಎಂದು ಅವರಿಗೆ ಹೇಳುತ್ತಿರುತ್ತೇನೆ. ಕ್ಯಾರೇಜ್ ಮತ್ತು ಫುಟ್‌ಬಾರ್ ನಡುವಿನ ದೂರ ಬದಲಿಸಲು ಬರುತ್ತದೆಯೇ? ಹಗ್ಗವನ್ನು ಗಂಟು ಹಾಕದೆ ಉದ್ದ ಗಿಡ್ಡ ಮಾಡಲು ಬರುತ್ತದೆಯೇ? ಗಂಡ ಆರಡಿ, ಹೆಂಡತಿ ಐದಡಿ ಇರುವ ಮನೆಯಲ್ಲಿ ಒಂದೇ ಅಳತೆಗೆ ಬಿಗಿದ ಯಂತ್ರ ಒಬ್ಬರಿಗಂತೂ ಕೆಡುಕು ಮಾಡಿಯೇ ಮಾಡುತ್ತದೆ.

ಈಗ ನಾನು ಹೋಗುವ ಸ್ಟುಡಿಯೊದಲ್ಲಿ ಪ್ರತಿಯೊಬ್ಬರಿಗೂ ಅಂಗೈ ಅಗಲದ ಒಂದು ರಟ್ಟಿನ ಚೀಟಿ ಇದೆ. ಸ್ಟಾಪರ್‌ನ ಅಂಕೆ, ಸ್ಪ್ರಿಂಗ್ ಕಂಬಿಯ ಕಚ್ಚು, ಫುಟ್‌ಬಾರ್‌ನ ಹಂತ, ಹಗ್ಗದ ಗುರುತು, ದಿಂಬಿನ ಸ್ಥಿತಿ, ಕೊನೆಗೆ ಜಾಗ್ರತೆ ವಹಿಸಬೇಕಾದ ಕೀಲು. ನನ್ನ ಚೀಟಿಯಲ್ಲಿ ಕೆಂಪು ಶಾಯಿಯಲ್ಲಿ "ಬಲ ಮೊಣಕಾಲು" ಎಂದಿದೆ. ಒಳಗೆ ಬಂದವರು ತಮ್ಮ ಚೀಟಿ ತೆಗೆದುಕೊಂಡು ತಾವೇ ಯಂತ್ರ ಹೊಂದಿಸಿಕೊಳ್ಳುತ್ತಾರೆ, ತರಬೇತುದಾರರು ಒಂದು ಸುತ್ತು ಬಂದು ಪರೀಕ್ಷಿಸುತ್ತಾರೆ. ಹೊಸಬರಿದ್ದರೆ ಅವರನ್ನು ಬೇಗ ಬರಹೇಳುತ್ತಾರೆ. ಇದಕ್ಕೆ ಆ್ಯಪ್ ಬೇಕಾಗಿಲ್ಲ, ಹೊಸ ಯಂತ್ರ ಬೇಕಾಗಿಲ್ಲ. ಎಪ್ಪತ್ತು ದಾಟಿದ ಒಬ್ಬ ಹಿರಿಯರು ಕನ್ನಡಕ ಹಾಕಿಕೊಂಡು ತಮ್ಮ ಅಂಕೆ ಓದಿ, ಎರಡೂ ಕಡೆಯ ಸ್ಟಾಪರ್‌ಗಳನ್ನು ಟಕ್ಕೆಂದು ಕೂರಿಸಿ, ಬೆರಳಿನಿಂದ ಅಲುಗಾಡಿಸಿ ನೋಡಿ ಮಲಗುತ್ತಾರೆ. ಕಲಿಸಿದರೆ ಎಲ್ಲರಿಗೂ ಬರುತ್ತದೆ.

ಸ್ಟುಡಿಯೊ ಸೇರಲು ಹೊರಟವರು, ವಿಶೇಷವಾಗಿ ಐದಡಿಗಿಂತ ಕಡಿಮೆ ಇರುವ ಹೆಂಗಸರು ಮತ್ತು ಆರಡಿ ಮೀರಿದವರು, ಮೊದಲ ದಿನವೇ ಕೇಳಬೇಕು: ನನ್ನ ಅಳತೆಗೆ ಈ ಯಂತ್ರ ಹೊಂದುತ್ತದೆಯೇ, ಯಾರು ಹೊಂದಿಸಿಕೊಡುತ್ತಾರೆ, ಯಾವಾಗ? "ಎಲ್ಲರಿಗೂ ಇದೇ ಸರಿಹೋಗುತ್ತದೆ" ಎಂಬ ಉತ್ತರ ಬಂದರೆ ಅಲ್ಲಿಂದ ಎದ್ದು ಬನ್ನಿ. ನಮ್ಮ ಹೆಣ್ಣುಮಕ್ಕಳಿಗೆ ಒಂದು ಸಂಕೋಚವಿದೆ. ಪಾದ ಎಟುಕದಿದ್ದರೆ ತಮ್ಮದೇ ಕೊರತೆ ಎಂದುಕೊಂಡು ಜಾರಿ, ಎಳೆದು, ಹೇಗೋ ಸುಧಾರಿಸಿಕೊಳ್ಳುತ್ತಾರೆ. ಎದುರಿಗೆ ನಿಂತವರನ್ನು ಕೇಳುವುದಿಲ್ಲ. ದಯವಿಟ್ಟು ಕೇಳಿ. ತರಗತಿ ನಡುವೆ ಕೈಯೆತ್ತಿ ಕೇಳಿ. ಈ ಪತ್ರ ಬರೆಯಲು ಅರ್ಧ ಕಾರಣ ಆ ಸಂಕೋಚವೇ.

ಸ್ಟುಡಿಯೊ ಮಾಲೀಕರಲ್ಲಿ ನನ್ನ ವಿನಂತಿ ಇಷ್ಟು. ಬ್ಯಾಚು ಮತ್ತು ಬ್ಯಾಚಿನ ನಡುವೆ ಹತ್ತು ನಿಮಿಷ ಬಿಡಿ. ತರಬೇತಿ ಕೊಡುವ ಹುಡುಗ ಹುಡುಗಿಯರಿಗೆ ಯಂತ್ರದ ಪ್ರತಿ ತಿರುಪನ್ನೂ ಮುಟ್ಟಿ ಹೊಂದಿಸಲು ಕಲಿಸಿ, ಹಾಗೆ ಮಾಡಲು ಅನುಮತಿಯನ್ನೂ ಕೊಡಿ. ಮಾಸಿದ ಅಂಕೆಗಳಿಗೆ ಮತ್ತೆ ಬಣ್ಣ ಹಚ್ಚಿಸಿ, ಕನ್ನಡದಲ್ಲೂ ಬರೆಸಿ. ಈ ಬಿಡುವು ಮಾಡಿಕೊಳ್ಳಲು ದಿನಕ್ಕೆ ಒಂದು ಬ್ಯಾಚು ಕಡಿಮೆಯಾಗುತ್ತದೆ ಎಂದು ನೀವು ಹೇಳಬಹುದು. ಆ ಒಂದು ಬ್ಯಾಚಿನ ಹಣವನ್ನು ಉಳಿದವರ ಶುಲ್ಕದಲ್ಲಿ ಸ್ವಲ್ಪ ಸ್ವಲ್ಪ ಸೇರಿಸಿ, ನಾನಂತೂ ಸಂತೋಷದಿಂದ ಕೊಡುತ್ತೇನೆ. ಯಾವುದಾದರೂ ಸ್ಟುಡಿಯೊದವರು ಮೇಲೆ ಹೇಳಿದ ಚೀಟಿಯ ಮಾದರಿ ಬೇಕೆಂದು ಪತ್ರಿಕೆಯ ಕಚೇರಿಗೆ ಬರೆದರೆ, ನನ್ನ ವಿಳಾಸವನ್ನು ಅವರಿಗೆ ತಿಳಿಸಬೇಕಾಗಿ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ, ಬೆಂಗಳೂರು